ಕಾರ್ಬನ್ ಸೈಕಲ್ಲಿಗೆ ಹಾಕಿದ ಸ್ಟ್ಯಾಂಡ್

ಆ ಸದ್ದು ನನಗೆ ಕೇಳಿಸಿತ್ತು.

ಕಿರಕ್ ಅಂತ. ಬಹಳ ಸಣ್ಣದು. ಪಕ್ಕದ ಮನೆಯಲ್ಲಿ ಯಾರೋ ಹಪ್ಪಳ ಮುರಿದ ಹಾಗೆ. ಕೆಂಗಲ್ ಆಂಜನೇಯನ ಗುಡಿಯಲ್ಲಿ ಶನಿವಾರದ ಮಂಗಳಾರತಿಗೆ ಗಂಟೆ ಬಾರಿಸುತ್ತಿದ್ದರು. ಮೈಸೂರು ರಸ್ತೆಯಲ್ಲಿ ಲಾರಿಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಅಷ್ಟು ಗಲಾಟೆಯಲ್ಲೂ ಕೇಳಿಸಿತು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು, ಎದುರಿಗೆ ನಮ್ಮಣ್ಣನ ಮಗಳ ಹೊಸ ಸೈಕಲ್ ಇತ್ತು. ಕೇಳಿಸಲೇ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಕಳೆದ ಭಾನುವಾರದವರೆಗೂ ಹಾಗೇ ಹೇಳಿಕೊಂಡು ಓಡಾಡಿದ್ದೇನೆ. ಪತ್ರಿಕೆಯ ಈ ವಾರದ ಅಂಕಣದಲ್ಲಿ ಬೆಲೆ ಏರಿಕೆಯ ಬಗ್ಗೆ ಬರೆಯೋಣ ಅಂತಿದ್ದೆ. ಆಗಲಿಲ್ಲ. ಇದನ್ನು ಬರೆದು ಮುಗಿಸದೆ ಬೇರೇನೂ ಬರೆಯಲಾಗುತ್ತಿಲ್ಲ.

ಭವ್ಯ ನಮ್ಮಣ್ಣನ ಮಗಳು. ಊರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಪಿಯುಸಿ ಓದಲು ರಾಮನಗರದ ನಮ್ಮ ಮನೆಯಲ್ಲಿದ್ದಾಳೆ. ಹೈಸ್ಕೂಲಿನಲ್ಲಿದ್ದಾಗ ಕುದೂರಿಗೆ ಹೋಗುವ ಬಸ್ಸಿನ ಜೊತೆ ಪಂದ್ಯ ಕಟ್ಟಿಕೊಂಡು ಸೈಕಲ್ ತುಳಿದವಳು. (ಬಸ್ಸು ಸ್ಟಾಪಿಗೊಂದು ಸಲ ನಿಲ್ಲುತ್ತೆ, ಇವಳು ನಿಲ್ಲುವುದಿಲ್ಲ. ಕಂಡಕ್ಟರಿಗೇ ಸೋತು ಸಾಕಾಗಿತ್ತಂತೆ.) ಈಗ ಅವಳಿಗೆ ಬೇರೆ ಹುಚ್ಚಿಲ್ಲ, ರೇಸ್ ಒಂದೇ. ಜೂನಿಯರ್ ವಿಭಾಗದಲ್ಲಿ ಅವಳಿಗಿದು ಕೊನೆಯ ವರ್ಷ. ಮಾಗಡಿಯಲ್ಲಿ ನಡೆಯುವ ಜಿಲ್ಲಾ ಆಯ್ಕೆಯಲ್ಲಿ ಮೊದಲ ಮೂವರಲ್ಲಿ ಬಂದರೆ ರಾಜ್ಯಮಟ್ಟ. ಬರದಿದ್ದರೆ ವಯಸ್ಸು ಮುಗಿಯಿತು.

ಗೆಲ್ಲುವ ಹುಡುಗಿಯರೆಲ್ಲ ಈಗ ಕಾರ್ಬನ್ ಸೈಕಲ್ಲಿನಲ್ಲಿ (ಕಾರ್ಬನ್ ನಾರನ್ನು ಅಂಟಿನಲ್ಲಿ ಕೂರಿಸಿ ಮಾಡಿದ್ದು, ಕಬ್ಬಿಣಕ್ಕಿಂತ ಬಹಳ ಹಗುರ) ಬರುತ್ತಾರೆ ಅಂತ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. ಕೇಳಿದ್ದಲ್ಲ, ಬರೀ ಹೇಳಿದ್ದು. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಹೆಸರಾಂತ ಕಂಪನಿಯ ಫ್ರೇಮಿನ ಬೆಲೆ ಕೇಳಿದರೆ ನಮ್ಮಂಥವರು ಫೋನ್ ಇಟ್ಟುಬಿಡಬೇಕು. ಆದರೆ ಬೆಂಗಳೂರಿನಲ್ಲಿ ಚೀನಾದಿಂದ ಫ್ರೇಮ್ ತರಿಸಿಕೊಡುವವನೊಬ್ಬ ಸಿಕ್ಕಿದ. ಬ್ರ್ಯಾಂಡ್ ಇಲ್ಲ, ಸ್ಟಿಕ್ಕರ್ ಇಲ್ಲ, ಡಬ್ಬದ ಮೇಲೆ ಒಂದು ನಂಬರ್ ಬಿಟ್ಟರೆ ಏನೂ ಇಲ್ಲ. ಬೆಲೆ ಕಾಲು ಭಾಗ. ಇಂಥದ್ದನ್ನು ನಂಬುವುದು ಹೇಗೆ?

ನನಗೆ ಆ ಚಿಂತೆಯೇ ಇರಲಿಲ್ಲ. ಯಾಕೆಂದರೆ ನಾನು ಕ್ವಾಲಿಟಿಯವನು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್. ಹದಿನೈದು ವರ್ಷದಿಂದ ವಾಹನದ ಬಿಡಿಭಾಗಗಳನ್ನು ಅಳೆದು, ತೂಗಿ, ಪಾಸು ಫೇಲು ಅಂತ ಸಹಿ ಹಾಕುವವನು. ಸೈಬರ್ ಸೆಂಟರಿನಲ್ಲಿ ಎರಡು ಸಂಜೆ ಕೂತು ಕಾರ್ಬನ್ ಫ್ರೇಮ್ ಪರೀಕ್ಷೆ ಮಾಡುವುದು ಹೇಗೆ ಅಂತ ಓದಿಕೊಂಡೆ.

ಡಬ್ಬ ಬಂದ ದಿನ ನಮ್ಮ ಹಾಲ್ ಲ್ಯಾಬ್ ಆಯಿತು. ಫ್ರೇಮನ್ನು ತಕ್ಕಡಿಗೆ ಹಾಕಿದೆ. ಹೇಳಿದ ತೂಕಕ್ಕೂ ಇದಕ್ಕೂ ಸರಿಹೋಯಿತು. ಕೊಳವೆಯ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಅಗ್ಗದ ಮಾಲಿನಲ್ಲಿ ಹೊರಗೆ ಕನ್ನಡಿ, ಒಳಗೆ ಸುಕ್ಕು ಇರುತ್ತೆ, ಅಂಟು ಗಡ್ಡೆ ಕಟ್ಟಿರುತ್ತೆ ಅಂತ ಓದಿದ್ದೆ. ಇದರಲ್ಲಿ ಒಳಗೂ ನುಣುಪು. ಎಲ್ಲೂ ಸೊಟ್ಟ ಇಲ್ಲವೆಂದು ತಿಳಿಯಲು ಮುಂದಿನ ತುದಿಯಿಂದ ಹಿಂದಿನ ಚಕ್ರ ಕೂರುವ ಜಾಗದವರೆಗೆ ಎರಡೂ ಬದಿ ದಾರ ಎಳೆದು ಅಳೆದೆ. (ದಾರ ಯಾವುದು? ರಾಮನಗರದಲ್ಲಿ ಇನ್ಯಾವುದು, ರೇಷ್ಮೆಯದೇ.) ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾಣ್ಯದಿಂದ ತಟ್ಟಿ ಸದ್ದು ಕೇಳಿ ಅಂತಲೂ ಬರೆದಿದ್ದರು. ಅದೊಂದನ್ನು ಬಿಟ್ಟೆ. ತಟ್ಟಿ ನೋಡುವುದು ತೆಂಗಿನಕಾಯಿ ಆರಿಸುವವರ ಕೆಲಸ ಅಂತ ನನ್ನ ಜಂಬ.

‘ಪಾಸ್’ ಅಂದೆ. ಭವ್ಯ ಕುಣಿದಾಡಿಬಿಟ್ಟಳು.

ಫ್ರೇಮಿಗೆ ಚಕ್ರ, ಚೈನು, ಬ್ರೇಕು ಕೂರಿಸಿಕೊಟ್ಟವನು ಚನ್ನಪಟ್ಟಣದ ರುದ್ರಣ್ಣ. ನನ್ನ ಹೈಸ್ಕೂಲ್ ಗೆಳೆಯ. ಮೊದಲು ಬೊಂಬೆ ಕಡೆಯುತ್ತಿದ್ದ. ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದು ವ್ಯಾಪಾರ ಬಿದ್ದ ಮೇಲೆ ಸೈಕಲ್ ಶಾಪ್ ಇಟ್ಟ. ಸೈಕಲ್ ತರಲು ಹೋದ ಶನಿವಾರ ಅವನು ಹೇಳಿದ್ದು ಒಂದೇ ಮಾತು. ‘ಲೇ ಇನ್‌ಸ್ಪೆಕ್ಟ್ರೇ, ಇದು ಕಬ್ಬಿಣ ಅಲ್ಲ ಕಣ್ಲಾ. ಎಲ್ಲೂ ಜಾಸ್ತಿ ಬಿಗಿಬ್ಯಾಡ. ಏನೇ ಇದ್ರೂ ನನ್ನತ್ರ ತತ್ತಾ.’

ಆಗಲಿ ಅಂದೆ. ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಹೊರಟೆ. ದಾರಿಯಲ್ಲೇ ಕೆಂಗಲ್. ಹೊಸ ಗಾಡಿ ಆಂಜನೇಯನ ಮುಂದೆ ನಿಲ್ಲದೆ ಮನೆಗೆ ಹೋಗುವುದುಂಟೆ? ಭವ್ಯ ಕಾಲೇಜಿನಲ್ಲಿದ್ದಳು. ಪೂಜೆ ಮುಗಿಸಿಯೇ ಅವಳ ಕೈಗೆ ಕೊಡೋಣ ಅನ್ನುವ ಆಸೆ ನನಗೆ.

ಹೂವಿನ ಹಾರ ಬಂತು. ನಿಂಬೆಹಣ್ಣು ಬಂತು. ಆದರೆ ಸೈಕಲ್ ನಿಲ್ಲಬೇಕಲ್ಲ? ರೇಸ್ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ. ನಾನು ಹಿಡಿದು ನಿಂತೆ. ‘ನೀವು ಹಿಡ್ಕಂಡ್ರೆ ನಿಮಗೂ ಸೇರ್ಸಿ ಆರತಿ ಎತ್ತಬೇಕಾಯ್ತದೆ, ಗಾಡಿ ನಿಲ್ಸಿ ಸ್ವಾಮಿ’ ಅಂದರು ಅರ್ಚಕರು. ಕಂಬಕ್ಕೆ ಒರಗಿಸಿದೆ. ಜಾರಿತು, ಹಿಡಿದುಕೊಂಡೆ. ಪೂಜೆಗೆ ಮೊದಲೇ ಗಾಡಿ ಬಿದ್ದರೆ ಅಪಶಕುನ ಅಂತ ಹಿಂದೆ ನಿಂತಿದ್ದ ಯಾರೋ ಗೊಣಗಿದರು. ನನಗೆ ರೇಗಿತು. ಹೈವೇ ಪಕ್ಕದ ಪಂಕ್ಚರ್ ಅಂಗಡಿಗೆ ಹೋಗಿ ಒಂದು ಸ್ಟ್ಯಾಂಡ್ ಕೊಂಡೆ, ಅಲ್ಲೇ ಸ್ಪ್ಯಾನರ್ ಇಸಿದುಕೊಂಡೆ.

ಪೆಡಲ್ಲಿನ ಹಿಂದೆ, ಹಿಂದಿನ ಚಕ್ರದ ಕಡೆಗೆ ಹೋಗುವ ಎರಡು ತೆಳ್ಳಗಿನ ಕೊಳವೆಗಳಿವೆಯಲ್ಲ, ಸ್ಟ್ಯಾಂಡ್ ಕಚ್ಚಿ ಕೂರುವುದು ಅದಕ್ಕೇ. ಮೇಲೊಂದು ಕಬ್ಬಿಣದ ಪಟ್ಟಿ, ಕೆಳಗೊಂದು, ನಡುವೆ ಬೋಲ್ಟು. ಬಿಗಿದೆ. ಸ್ಟ್ಯಾಂಡ್ ಅಲ್ಲಾಡಿತು. ಇನ್ನರ್ಧ ಸುತ್ತು ಬಿಗಿದೆ. ಕಾರ್ಖಾನೆಯಲ್ಲಿ ನಾವು ಅಳತೆಯ ಸ್ಪ್ಯಾನರ್ ಇಲ್ಲದೆ ಒಂದು ಬೋಲ್ಟನ್ನೂ ಬಿಗಿಯಲು ಬಿಡುವುದಿಲ್ಲ. ಮನೆ ಗಾಡಿಗೆ ಮಾತ್ರ ನಮ್ಮ ಕೈಯೇ ಅಳತೆ. ಇನ್ನರ್ಧ ಸುತ್ತು.

ಕಿರಕ್.

ಪೂಜೆ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಸ್ಟ್ಯಾಂಡ್ ಬಿಚ್ಚಿ ಆಟೋದವನಿಗೇ ಕೊಟ್ಟುಬಿಟ್ಟೆ. ಇಲ್ಲದಿದ್ದರೆ ಭವ್ಯ ನೋಡಿ ನಗುತ್ತಿದ್ದಳು. ಕೊಳವೆಯ ಮೇಲೆ ಎರಡು ಸಣ್ಣ ಗೀರು ಕಂಡವು. ಅದರ ಮೇಲೆ ಅರ್ಚಕರು ಕೊಟ್ಟ ಕುಂಕುಮ ಮೆತ್ತಿದೆ. ಎರಡು ದಿನ ಬಿಟ್ಟು, ಅವಳು ಕಾಲೇಜಿಗೆ ಹೋದಾಗ, ಕುಂಕುಮ ಒರೆಸಿ ಕಪ್ಪು ಬಣ್ಣ ತಾಗಿಸಿದೆ. ಬರೀ ಬಣ್ಣ ಕಿತ್ತಿದೆ, ಅಷ್ಟೇ. ಅಷ್ಟೇ ತಾನೇ? ದಿನಕ್ಕೆ ಹತ್ತು ಸಲ ಕೇಳಿಕೊಂಡಿದ್ದೇನೆ.

ಮೂರು ವಾರ ಅವಳು ಅದರಲ್ಲೇ ತುಳಿದಳು. ಬೆಳಿಗ್ಗೆ ಎದ್ದು ಕನಕಪುರ ರಸ್ತೆಯಲ್ಲಿ ಹೋಗಿ ಬರುತ್ತಿದ್ದಳು. ಅವಳು ವಾಪಸ್ ಬಂದು ಗೇಟು ತೆಗೆದ ಸದ್ದಾಗುವವರೆಗೆ ನನಗೆ ಕಾಫಿ ಇಳಿಯುತ್ತಿರಲಿಲ್ಲ. ‘ಇದೇನ್ರೀ, ಹೊಸ ಸೈಕಲ್ ಬಂದಾಗಿನಿಂದ ನೀವೇ ರೇಸಿಗೆ ಹೋಗೋರ ಥರ ಆಡ್ತಿದೀರಿ’ ಅಂದಳು ನನ್ನ ಹೆಂಡತಿ ಸಾವಿತ್ರಿ. ನಕ್ಕು ಪೇಪರ್ ಎತ್ತಿಕೊಂಡೆ.

ರೇಸಿಗೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ, ಭವ್ಯ ಬಂದವಳೇ ಹೇಳಿದಳು.

‘ಚಿಕ್ಕಪ್ಪ, ಎದ್ದು ನಿಂತು ತುಳಿದ್ರೆ ಹಿಂದ್ಗಡೆ ಟಿಕ್ ಟಿಕ್ ಅಂತೈತೆ.’

‘ಚೈನ್ ಇರಬೇಕು ಕಣವ್ವ’ ಅಂದೆ.

‘ಚೈನ್ ಅಲ್ಲ. ನಂಗೊತ್ತಾಗಲ್ವಾ?’

ಸಂಜೆ ಇಬ್ಬರೂ ರುದ್ರಣ್ಣನ ಅಂಗಡಿಗೆ ಹೋದೆವು. ಅವನು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದ. ಬೊಂಬೆ ಕಡೆಯುವವರು ಮರದ ತುಂಡನ್ನು ಲೇತಿಗೆ ಕೊಡುವ ಮೊದಲು ತಟ್ಟಿ ಕೇಳುತ್ತಾರಂತೆ, ಒಳಗೆ ಸೀಳಿದ್ದರೆ ಸದ್ದು ಹೇಳುತ್ತದಂತೆ. ಆ ಕಿವಿ ಅವನಿಗೆ ಹೋಗಿಲ್ಲ. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಮುಂದಿನಿಂದ ತಟ್ಟುತ್ತಾ ಬಂದ. ಟಣ್, ಟಣ್, ಟಣ್. ಗಟ್ಟಿ ಸದ್ದು. ಪೆಡಲ್ ದಾಟಿದ. ಟಣ್, ಟಣ್. ಆಮೇಲೆ ಧಪ್.

ವಾಪಸ್ ಬಂದು ಮತ್ತೆ ತಟ್ಟಿದ. ಧಪ್. ಎಡಗಡೆ ಕೊಳವೆಯಲ್ಲಿ, ಒಂದೇ ಜಾಗ. ನಾನು ಬಣ್ಣ ತಾಗಿಸಿದ ಜಾಗ.

‘ಇಲ್ಲಿ ಒಸಿ ಮೆತ್ತಗಾಗೈತೆ’ ಅಂದ. ತಲೆಯೆತ್ತಿ ನನ್ನನ್ನೇ ನೋಡಿದ. ‘ಇಲ್ಗೆ ಏನಾರ ಕಚ್ಚಿಸಿದ್ರೇನ್ಲಾ?’

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅದನ್ನೂ ಮಾಡಲಿಲ್ಲ. ಭವ್ಯ ಪಕ್ಕದಲ್ಲಿ ನಿಂತಿದ್ದಳು. ಪಾಸ್ ಅಂದವನು ನಾನು. ಹದಿನೈದು ವರ್ಷದ ಕ್ವಾಲಿಟಿಯವನು ಪಂಕ್ಚರ್ ಅಂಗಡಿಯ ಸ್ಟ್ಯಾಂಡ್ ಬಿಗಿದು ಒಡೆದೆ ಅಂತ ಹೇಳಲೇ?

‘ಇಲ್ಲ ಕಣ್ಲಾ’ ಅಂದೆ.

‘ನೀನು ಪಾಸ್ ಮಾಡಿದ್ದೆ ಅಂತ ನಾನು ಆವತ್ತು ತಟ್ಲೇ ಇಲ್ಲ ನೋಡು’ ಅಂದ ರುದ್ರಣ್ಣ. ಆಮೇಲೆ ಭವ್ಯನ ಕಡೆ ತಿರುಗಿದ. ‘ಮಾಡೋವಾಗ್ಲೇ ಅಂಟು ಸರಿಯಾಗಿ ಹಿಡೀದೆ ಹಿಂಗಾಗಿದ್ರೆ, ಹಂಗೇ ಇದ್ದುಬುಡಬೌದು ಕಣವ್ವ. ಯಾರಾರ ಒತ್ತಿ ಒಳಗೆ ನಾರು ಒಡ್ದಿದ್ರೆ, ತುಳ್ದಂಗೆ ತುಳ್ದಂಗೆ ಬೆಳೀತದೆ. ಯಾವ್ದು ಅಂತ ಬಣ್ಣ ಕೀಳದೆ ಹೇಳಕಾಗಾಕಿಲ್ಲ. ಕಿತ್ರೆ ನಾಳಿದ್ದಕ್ಕೆ ರೆಡಿ ಆಗಾಕಿಲ್ಲ.’

ಇಲ್ಲೊಂದು ಮಾತು ಹೇಳಬೇಕು. ಕಬ್ಬಿಣ ಒಳ್ಳೆಯದು. ಸಿಟ್ಟು ಬಂದರೆ ಮುಖ ತೋರಿಸುತ್ತೆ. ಬಗ್ಗುತ್ತೆ, ಸೊಟ್ಟಗಾಗುತ್ತೆ, ತುಕ್ಕು ಹಿಡಿಯುತ್ತೆ, ನೋಡಿದವರಿಗೆಲ್ಲ ಗೊತ್ತಾಗುತ್ತೆ. ಕಾರ್ಬನ್ ಹಾಗಲ್ಲ. ಒಳಗೆ ಮುರಿದಿದ್ದರೂ ಹೊರಗೆ ಮಿರಮಿರ ಮಿಂಚುತ್ತಿರುತ್ತೆ. ಆಮೇಲೊಂದು ದಿನ, ಇಳಿಜಾರಿನಲ್ಲಿ, ಹೇಳದೆ ಕೇಳದೆ ಎರಡು ತುಂಡು. ಇದನ್ನೆಲ್ಲ ನಾನು ಸೈಬರ್ ಸೆಂಟರಿನಲ್ಲೇ ಓದಿದ್ದೆ, ಫೋಟೋ ಸಮೇತ.

ಶನಿವಾರ ಮನೆಯಲ್ಲಿ ಅದೇ ಮಾತು. ಬೆಂಗಳೂರಿನವನಿಗೆ ಫೋನ್ ಮಾಡಿ ನಾನೇ ಗದರಿದೆ. ‘ಏನ್ರೀ, ಡಿಫೆಕ್ಟ್ ಮಾಲು ಕೊಟ್ಟಿದೀರಾ?’ ಅವನು ‘ಸಾರ್, ಫೋಟೋ ಕಳಿಸಿ, ಕೇಳ್ತೀನಿ’ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ, ಒಂದು ಕ್ಷಣ ನಾನೇ ನಂಬಿಬಿಟ್ಟೆ.

ಊರಿನಲ್ಲಿ ಭವ್ಯನ ಹಳೆಯ ಸೈಕಲ್ ಇದೆ. ಕಬ್ಬಿಣದ್ದು, ಭಾರ, ಆದರೆ ಗಟ್ಟಿಮುಟ್ಟು. ‘ಅದರಲ್ಲೇ ಹೋಗವ್ವ’ ಅಂದಳು ಸಾವಿತ್ರಿ. ಭವ್ಯ ಅನ್ನ ಕಲೆಸುತ್ತಾ ಯೋಚನೆ ಮಾಡಿದಳು. ಆಮೇಲೆ ತನ್ನ ಲೆಕ್ಕಾಚಾರ ಹೇಳಿದಳು.

‘ಬೇಡ ಚಿಕ್ಕಮ್ಮ. ಯಾರೂ ಏನೂ ಕಚ್ಚಿಸಿಲ್ಲ ಅಂದ್ಮೇಲೆ ಅದು ಮೊದ್ಲಿಂದ ಇರೋದೇ. ಮೂರು ವಾರದಿಂದ ತುಳಿದಿದೀನಿ, ಏನಾಯ್ತು? ನಾಳೆ ಒಂದಿನ ತಡೆಯಲ್ವಾ? ಅಲ್ವಾ ಚಿಕ್ಕಪ್ಪ?’

ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಾಗಿದ್ದದ್ದು ನಾನು ಕೊಟ್ಟ ಉತ್ತರ. ಆ ಸುಳ್ಳನ್ನು ನಂಬಿ ಅವಳು ತನ್ನ ಜೀವದ ಲೆಕ್ಕ ಹಾಕುತ್ತಿದ್ದಳು. ಆಗ ಬಾಯಿ ಬಿಟ್ಟಿದ್ದರೆ? ಮಧ್ಯಾಹ್ನದ ಹೊತ್ತು, ಇನ್ನೂ ಅರ್ಧ ದಿನ ಇತ್ತು. ಎಲ್ಲವೂ ಸರಿಹೋಗುತ್ತಿತ್ತು.

‘ನೋಡೋಣ’ ಅಂದೆ. ನಮ್ಮ ಮನೆಗಳಲ್ಲಿ ಗಂಡಸರು ತಪ್ಪಿಸಿಕೊಳ್ಳಲು ಇಟ್ಟುಕೊಂಡಿರುವ ಮಾತು ಅದು.

ಭಾನುವಾರ ಬೆಳಿಗ್ಗೆ ಮಾಗಡಿ. ನಮ್ಮಣ್ಣ ಊರಿಂದ ಬಸ್ಸಿನಲ್ಲಿ ಬಂದು ನಮಗಿಂತ ಮೊದಲೇ ಕಾಯುತ್ತಿದ್ದ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು. ಹನ್ನೊಂದು ಜನ ಹುಡುಗಿಯರು. ಮಾಗಡಿಯಿಂದ ರಾಮನಗರದ ಕಡೆಗೆ ಬರುವ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಬೆಟ್ಟ, ತಿರುವು, ಇಳಿಜಾರು, ಎದುರಿಗೆ ಕಲ್ಲು ತುಂಬಿಕೊಂಡು ಬರುವ ಟಿಪ್ಪರ್. ಭವ್ಯ ಲೈನಿನಲ್ಲಿ ನಿಂತು ಒಂದು ಕಾಲು ಪೆಡಲ್ ಮೇಲೆ ಇಟ್ಟು ಭಾರ ಹಾಕಿ ನೋಡಿದಳು.

ಟಿಕ್.

ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೆ ಕೇಳಿಸಿತು. ನಮ್ಮಣ್ಣನಿಗೆ ಕೇಳಿಸಲಿಲ್ಲ. ಅವನು ಮಗಳ ಬೆನ್ನ ಮೇಲಿದ್ದ ನಂಬರನ್ನು ನೋಡಿ ಖುಷಿಪಡುತ್ತಿದ್ದ.

‘ಎರಡು ನಿಮಿಷ’ ಅಂತ ಕೂಗಿದರು ಸೀಟಿ ಹಿಡಿದ ಮೇಷ್ಟ್ರು.

ಏನೂ ಆಗುವುದಿಲ್ಲ ಅಂತ ಮನಸ್ಸು ಹೇಳಿತು. ಮೂರು ವಾರ ತಡೆದಿದೆ ಅಂತ ಹೇಳಿತು. ಅದು ಅವಳ ಮಾತು, ನನ್ನ ಸುಳ್ಳಿನಿಂದ ಹುಟ್ಟಿದ ಮಾತು, ಅದನ್ನೇ ಈಗ ನಾನು ಧೈರ್ಯಕ್ಕೆ ಇಟ್ಟುಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

‘ಒಂದು ನಿಮಿಷ’ ಅಂದರು ಮೇಷ್ಟ್ರು.

ಹೋಗಿ ಹ್ಯಾಂಡಲ್ ಹಿಡಿದುಕೊಂಡೆ. ‘ಭವ್ಯ, ಇಳಿಯವ್ವ.’

‘ಬಿಡು ಚಿಕ್ಕಪ್ಪ, ಟೈಮಾಯ್ತು.’

‘ಆ ಜಾಗಕ್ಕೆ ಸ್ಟ್ಯಾಂಡ್ ಕಚ್ಚಿಸಿದ್ದೆ. ನಾನೇ ಬಿಗಿದಿದ್ದು. ಒಡೆದಿರೋದು ನಾನು.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಬಗ್ಗಿ ಕೊಳವೆ ನೋಡಿದಳು. ಉಗುರಿನಿಂದ ಕೆರೆದಳು. ನಾನು ತಾಗಿಸಿದ ಕಪ್ಪು ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು.

‘ಯಾವಾಗ?’

‘ಕೆಂಗಲ್‌ನಲ್ಲಿ. ಪೂಜೆಗೆ ನಿಲ್ಲಿಸೋಕೆ.’

‘ಬಿಗಿಯೋವಾಗ ಸದ್ದು ಬಂತಾ?’

‘ಬಂತು.’

ಸೀಟಿ ಊದಿದರು. ಹತ್ತು ಸೈಕಲ್ ಹೊರಟವು. ಭವ್ಯ ಇಳಿದು ನಿಂತಿದ್ದಳು. ಕೊನೆಯ ಹುಡುಗಿ ತಿರುವಿನಲ್ಲಿ ಮರೆಯಾಗುವವರೆಗೂ ರಸ್ತೆಯನ್ನೇ ನೋಡಿದಳು. ಆಮೇಲೆ ಕೈ ಹಿಂದೆ ಮಾಡಿ ಬೆನ್ನಿನ ನಂಬರಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಒಂದು ಪಿನ್ನು ಸಿಕ್ಕಿಕೊಂಡಿತು. ಸಹಾಯ ಮಾಡಲು ಕೈ ಚಾಚಿದೆ. ಅವಳು ಸರಿದುಕೊಂಡಳು.

‘ಏನಾಯ್ತವ್ವ? ಯಾಕ್ ಹೋಗ್ಲಿಲ್ಲ?’ ಅಂತ ನಮ್ಮಣ್ಣ ಓಡಿಬಂದ.

ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ‘ಸೈಕಲ್ ಸರಿಯಿಲ್ಲ ಅಪ್ಪ’ ಅಂದಳು. ಅಷ್ಟೇ. ಅದು ನನಗೆ ಕಪಾಳಕ್ಕೆ ಹೊಡೆದಿದ್ದಕ್ಕಿಂತ ಹೆಚ್ಚಾಯಿತು. ಅಣ್ಣನಿಗೆ ಎಲ್ಲವನ್ನೂ ನಾನೇ ಹೇಳಿದೆ. ‘ಮೊಗಾ ಬದುಕೈತಲ್ಲ, ಬುಡು’ ಅಂದು ಟವಲಿನಿಂದ ಮುಖ ಒರೆಸಿಕೊಂಡ.

ವಾಪಸ್ ಬರುವಾಗ ಭವ್ಯ ಮಾತಾಡಿದ್ದು ಒಂದೇ ಸಲ.

‘ಚಿಕ್ಕಪ್ಪ, ಒಡೆದಿದ್ದಕ್ಕೆ ನಂಗೆ ಸಿಟ್ಟಿಲ್ಲ. ನೀನು ಬೇಕು ಅಂತ ಮಾಡಿದ್ದಲ್ಲ. ಶುಕ್ರವಾರ ಒಂದು ಮಾತು ಹೇಳಿದ್ರೆ ನಾನು ಹಳೇ ಸೈಕಲ್ಲಾದ್ರೂ ತರಿಸ್ಕೊಳ್ತಿದ್ದೆ. ಅದ್ರಲ್ಲಿ ಸೋತಿದ್ರೂ ಓಡಿ ಸೋಲ್ತಿದ್ದೆ.’

ಅವಳಿಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಅನ್ನಬಹುದಿತ್ತು. ನಾವೆಲ್ಲ ಹಾಗೇ ಅನ್ನುತ್ತೇವಲ್ಲ. ಡಾಕ್ಟರ್ ರಿಪೋರ್ಟನ್ನು ಬೀರುವಿನಲ್ಲಿಡುವಾಗ, ಮಾರಿದ ಜಮೀನಿನ ವಿಷಯ ಮಕ್ಕಳಿಗೆ ಹೇಳದಿರುವಾಗ ಇದೇ ನೆಪ. ಅವರ ಮನಸ್ಸು ನೋಯಬಾರದು. ನಿಜವಾಗಿ ನಾವು ಕಾಪಾಡುವುದು ಯಾರ ಮುಖವನ್ನು? ನಾನಂತೂ ನನ್ನದನ್ನು. ಅದಕ್ಕಾಗಿ ಹದಿನೇಳು ವರ್ಷದ ಮಗುವನ್ನು ಮಾಗಡಿಯ ಇಳಿಜಾರಿಗೆ ಬಿಡಲು ಸೀಟಿಗೆ ಒಂದು ನಿಮಿಷ ಉಳಿಯುವವರೆಗೂ ತಯಾರಿದ್ದೆ.

ಸೋಮವಾರ ರಜೆ ಹಾಕಿ ಫ್ರೇಮನ್ನು ರುದ್ರಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಅವನಿಗೂ ಹೇಳಿದೆ. ಬೈಯಲಿಲ್ಲ. ಉಪ್ಪುಕಾಗದ ತೆಗೆದುಕೊಂಡು ಆ ಜಾಗದ ಬಣ್ಣ ಉಜ್ಜಿದ. ಕೆಳಗೆ ಕಪ್ಪು ನಾರುಗಳು ತುಂಡಾಗಿ ನಿಂತಿದ್ದವು, ಸ್ಟ್ಯಾಂಡಿನ ಪಟ್ಟಿಯಷ್ಟೇ ಅಗಲಕ್ಕೆ. ಹೆಬ್ಬೆರಳಿಟ್ಟು ಒತ್ತಿದ. ಪಟ್ ಅಂತ ಒಳಗೆ ಹೋಯಿತು. ಕೊಳವೆಯ ಆಚೆ ಬದಿಯವರೆಗೂ ಸೀಳು ಓಡಿತು.

ಬರೀ ಒಂದು ಹೆಬ್ಬೆರಳು.

ಆಮೇಲೆ ಅವನು ಗರಗಸ ತೆಗೆದು ಬೇರೆ ಕೊಳವೆಗಳನ್ನೂ ಒಂದೊಂದಾಗಿ ಕೊಯ್ದ. ಹೇಗೂ ಹಾಳಾಗಿದೆ, ಒಳಗೆ ಹೇಗೆ ಮಾಡಿದ್ದಾರೆ ನೋಡೋಣ ಅಂತ. ಕೊಯ್ದ ಬಾಯಿಯನ್ನು ಬೆಳಕಿಗೆ ಹಿಡಿದ. ಪದರದ ಮೇಲೆ ಪದರ, ಎಲ್ಲೂ ಗಾಳಿಗುಳ್ಳೆ ಇಲ್ಲ, ದಪ್ಪ ಎಲ್ಲ ಕಡೆ ಒಂದೇ. ಚೀನಾ ಮಾಲಿನಿಂದ ಹೊಟ್ಟೆಪಾಡು ಕಳೆದುಕೊಂಡವನು ಅವನು, ಬೈಯಲು ಅವನಿಗೆ ಹಕ್ಕಿತ್ತು. ಬೈಯಲಿಲ್ಲ.

‘ಮಾಡ್ದೋನು ಚೆನ್ನಾಗೇ ಮಾಡವ್ನೆ ಕಣ್ಲಾ’ ಅಂದ.

ಮಂಗಳವಾರ ಕಾರ್ಖಾನೆಯ ಬಸ್ಸಿನಲ್ಲಿ ಸುದ್ದಿ ನನಗಿಂತ ಮೊದಲೇ ಹತ್ತಿ ಕೂತಿತ್ತು. ‘ಚೀನಾದ್ದಂತೆ, ಮುರಿದೋಯ್ತಂತೆ? ಅಗ್ಗದ್ದು ತಗಂಡ್ರೆ ಇನ್ನೇನಾಯ್ತದೆ ಬುಡಿ’ ಅಂದರು ಹಿಂದಿನ ಸೀಟಿನವರು. ಎಲ್ಲರೂ ಹೌದು ಹೌದು ಅಂದರು. ನನ್ನ ಕಡೆ ನೋಡಿದರು. ಏನು ಮಾಡಿದೆ ಗೊತ್ತೇ? ನಾನೂ ತಲೆ ಅಲ್ಲಾಡಿಸಿದೆ. (ಹೌದು, ಇಷ್ಟೆಲ್ಲ ಆದ ಮೇಲೂ.) ಬಿಡದಿ ಬರುವವರೆಗೆ ಕಿಟಕಿಯ ಆಚೆ ನೋಡುತ್ತಾ ಕೂತೆ. ಆವತ್ತು ಸಂಜೆಯೇ ಇದನ್ನು ಬರೆಯಲು ಶುರು ಮಾಡಿದ್ದು. ಆ ಬಸ್ಸಿನವರೂ ಓದಲಿ.

ಫ್ರೇಮ್ ಮಾಡಿದವನ ಹೆಸರು ನನಗೆ ಗೊತ್ತಿಲ್ಲ, ಅವನು ಪಾಸು. ಫೇಲಾದವನ ಹೆಸರು ಈ ಅಂಕಣದ ತಲೆಯ ಮೇಲೇ ಅಚ್ಚಾಗಿದೆ.